ದೀಪಾವಳಿಗೆ ಊರಿಗೆ ಹೊಂಟೋರು ಬರ್ರಿ ಇಲ್ಲೆ: ದಾರಿ ಸುದ್ದಿನೂ ಹೇಳ್ರಿ, ಯಾರ್ನ ನೆನಸ್ತೀರಿ ಅದನ್ನೂ ಹೇಳ್ರಿ

ಮುಳಗುಂದದ ಮಗಳು

ಎಲ್ಲಾರಿಗೂ ನಮಸ್ಕಾರ್ರೀ. ಈ ಸಲ ದೀಪಾವಳಿಗೆ ಬೆಂಗಳೂರಿಂದ ಕಾರ್ ತಗೊಂಡು ಹೊಂಟೀವಿ. ಮೊದ್ಲ ಹಾವೇರಿಯೊಳಗ ಅತ್ತಿ ಮನಿ, ಆಮ್ಯಾಲೆ ಪಾಡ್ಯಕ್ಕ ಸವಣೂರು ಲಕ್ಷ್ಮೇಶ್ವರ ಮ್ಯಾಲೆ ಮುಳಗುಂದಕ್ಕ, ನಮ್ಮ ತವರಿಗೆ. ದಾರಿ ಹೆಂಗೈತಿ, ಸಣ್ಣ ಹುಡುಗರನ್ನ ಕರಕೊಂಡು ಎಲ್ಲೆ ನಿಂತ್ರ ಚೊಲೊ, ಗೊತ್ತಿದ್ದೋರು ಹೇಳ್ರಿ.

ಆದ್ರ ನಾ ಬರಿಯಾಕ ಕುಂತಿದ್ದು ಬರೇ ದಾರಿ ಕೇಳಾಕಲ್ಲ. ನಮ್ಮಪ್ಪ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ರು. ಅವರು ಸೇರಿದಾಗ ಎಲ್ಲಾ ಕಡೆ ಒಂದ ಕೆಎಸ್‌ಆರ್‌ಟಿಸಿ, 1997ರಾಗ ನಮ್ಮ ಭಾಗಕ್ಕ ವಾಯವ್ಯ ಸಾರಿಗೆ ಅಂತ ಬ್ಯಾರೆ ಆತು, ಹುಬ್ಬಳ್ಳಿ ಹೆಡ್ ಆಫೀಸ್ ಆತು, ಅಪ್ಪ ಮಾತ್ರ ರಿಟೈರ್ ಆಗೋತನಕ ಗದಗ ಸುತ್ತಮುತ್ತಲ ಹಳ್ಳಿ ರೂಟಿನ್ಯಾಗ ಗಾಡಿ ಹೊಡದ್ರು. ಡ್ರೈವರ್ ಕಂಡಕ್ಟರ್ ಮನಿಯೋರಿಗೆ ಗೊತ್ತಿರತೈತಿ, ಹಬ್ಬ ಬಂತಂದ್ರ ಡ್ಯೂಟಿ ಬಂತು ಅಂತನ ಅರ್ಥ. ಮಂದಿ ಎಲ್ಲಾ ಊರಿಗೆ ಹೊಂಟಾಗ ಎಕ್ಸ್‌ಟ್ರಾ ಗಾಡಿ ಬಿಡ್ತಾರ, ರಜಾ ಸಿಗೂದಿಲ್ಲ. ನರಕ ಚತುರ್ದಶಿ ದಿನ ಬೆಳಕ ಹರಿಯೂಕಿಂತ ಮೊದ್ಲ ಅವ್ವ ಆರತಿ ತಟ್ಟಿ ಹಿಡಕೊಂಡು ನಿಲ್ತಿದ್ಲು, ತಮ್ಮಗ ಮಾಡಿದ ಮ್ಯಾಲೆ ಅಪ್ಪನ ಇನ್ನೊಂದು ಖಾಕಿ ಅಂಗಿ ಇಸ್ತ್ರಿ ಮಾಡಿದ್ದು ಮಣಿ ಮ್ಯಾಲೆ ಇಟ್ಟು ಅದಕ್ಕ ಕುಂಕುಮ ಹಚ್ಚಿ ಆರತಿ ಬೆಳಗತಿದ್ಲು. ನಾವು ಹುಡುಗರು ಅದಕ್ಕನ ಕೈ ಮುಗೀತಿದ್ವಿ.

ಅಪ್ಪಗ ಭಾಳ ಸಲ ವಸ್ತಿ ಬಸ್ ಡ್ಯೂಟಿ ಇರ್ತಿತ್ತು. ಸಂಜಿ ಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ಗಾಡ್ಯಾಗ ಮಲಗಿ, ಮುಂಜಾನೆ ಮೊದಲನೇ ಟ್ರಿಪ್ ತರೂದು. ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯೊಳಗ ಗುಡಿ ಮುಂದ ಗಾಡಿ ಹಚ್ತಿದ್ರಂತ, ಗುಡಿ ಬಾಜೂ ಮನಿ ಅಕ್ಕಾರೊಬ್ರು ದೀಪಾವಳಿ ವಸ್ತಿ ಬಿದ್ದಾಗೆಲ್ಲಾ ಡ್ರೈವರ್ ಕಂಡಕ್ಟರ್ ಇಬ್ಬರಿಗೂ ಎಣ್ಣಿ ಕೊಟ್ಟು, ಬಿಸಿನೀರ ಕಾಸಿ ಹಾಕಿ, ಹೋಳಿಗಿ ಊಟ ಮಾಡಿಸಿ ಕಳಸ್ತಿದ್ರಂತ. ಮನ್ಯಾಗ ಅಂಗಿಗೆ ಆರತಿ ಆಗೂ ಹೊತ್ತಿನ್ಯಾಗ ಅಪ್ಪಗ ಅಲ್ಲೆ ಯಾರೋ ಎಣ್ಣಿ ನೀರ ಮಾಡ್ಸಿದ್ರು. ಇದು ಅಪ್ಪ ಮೊನ್ನೆ ಮೊನ್ನೆ ಹೇಳಿದ್ದು, ಅಲ್ಲೀತನಕ ನಮ್ಮವ್ವಗೂ ಗೊತ್ತಿದ್ದಿಲ್ಲ.

ಈ ಸಲ ಅಪ್ಪನ್ನ ಮುಂದಿನ ಸೀಟಿನ್ಯಾಗ ಕುಂದರಿಸ್ಕೊಂಡು ಆ ಹಳ್ಳಿಗೆ ಹೋಗೂದು ಅಂತ ಮಾಡೀನಿ. ಅಪ್ಪ ಅವರನ್ನ ಗುಡಿಮನಿ ಅಕ್ಕಾರು ಅಂತನ ಕರೀತಿದ್ರಂತ. ಹಾವೇರಿಯಿಂದ ಒಂದು ಏಲಕ್ಕಿ ಹಾರ ತಗೋತೀನಿ, ಗದಗ ಬೆಟಗೇರಿ ನೇಕಾರರ ಸೀರಿ ಒಂದು ಅವ್ವ ತಗಸಿ ಇಟ್ಟಾಳ.

ನೀವೂ ಹೇಳ್ರಿ. ನೀವು ಹಬ್ಬಕ್ಕ ಊರು ಮುಟ್ಟೂದ್ರಾಗ ಯಾರ ಋಣ ಐತಿ?

ರಾಣೆಬೆನ್ನೂರ ಕಡೆಯವ

ತಂಗಿ, ದಾರಿ ಸುದ್ದಿ ನಾ ಹೇಳ್ತೀನಿ, ಹೈವೇ ಬಾಜೂನ ನಮ್ಮ ಹೊಲ ಐತಿ. ಹರಿಹರದ ಹತ್ತಿರ ತುಂಗಭದ್ರಾ ದಾಟಿದ್ರ ನಮ್ಮ ಹಾವೇರಿ ಜಿಲ್ಲಾ ಹತ್ತಿತು, ಅಲ್ಲಿಂದ ಮುಂದ ಸರ್ವಿಸ್ ರೋಡಿನ್ಯಾಗ ಹುಷಾರ್ ಇರ್ರಿ. ಈಗ ಗೋವಿನಜೋಳ ಒಕ್ಕೂ ಟೈಮ್. ಕಣ ಇಲ್ಲದವರು, ಕಣ ಹಸಿ ಇದ್ದವರು ಎಲ್ಲಾರೂ ರೋಡಿನ ಮ್ಯಾಲನ ಒಣಗಿಸ್ತಾರ, ರಾಶಿ ಸುತ್ತ ಕಲ್ಲು ಇಟ್ಟಿರ್ತಾರ, ರಾತ್ರಿ ತಾಡಪತ್ರಿ ಹೊಚ್ಚಿದ್ರ ಲೈಟಿಗೆ ಕಾಣಾಂಗಿಲ್ಲ. ಬೈಕಿನವರು ಭಾಳ ಬಿದ್ದಾರ. ಇದು ತಪ್ಪು ಅಂತ ನಮಗೂ ಗೊತ್ತೈತಿ, ನಮ್ಮೂರಾಗ ಹುಡುಗರೆಲ್ಲಾ ಸೇರಿ ಕಲ್ಲಿನ ಬದಲಿ ಸುಣ್ಣ ಬಳದ ಚೀಲ ಇಡ್ರಿ ಅಂತ ಮನಿ ಮನಿಗೆ ಹೇಳಾಕ ಹತ್ತೀವಿ, ಚೀಲಾ ಆದ್ರ ಕಾಣತಾವು, ಬಡದ್ರೂ ಜೀವಕ್ಕ ಅಪಾಯ ಇಲ್ಲ.

ಇನ್ನೊಂದು, ಕಬ್ಬಿನ ಟ್ರ್ಯಾಕ್ಟರ್. ಎರಡೆರಡು ಟ್ರೇಲರ್ ಹಚ್ಚಿರ್ತಾರ, ಹಿಂದ ಲೈಟ್ ಇರಾಂಗಿಲ್ಲ. ಕತ್ತಲಾದ ಮ್ಯಾಲೆ ಎಡಕ್ಕಿನ ಲೇನಿನ್ಯಾಗ ಜೋರ ಹೋಗಬ್ಯಾಡ್ರಿ.

ಯಾರ ಋಣ ಅಂದ್ರ, ನನಗ ನಮ್ಮೂರ ಕ್ರಾಸಿನ ಚಹಾ ಅಂಗಡಿ ಕಾಕಾ. ನಾವು ಎಷ್ಟ ತಡಾ ಮಾಡಿ ಇಳದ್ರೂ ಮನಿಗೆ ಹೋಗಾಕ ಆಟೋ ಇಲ್ಲಂದ್ರ ತನ್ನ ಟಿವಿಎಸ್ ಕೀಲಿ ಕೊಟ್ಟು ಕಳಸ್ತಾನ.

ಹುಬ್ಳಿ ಕೇಶ್ವಾಪುರ

ಅಕ್ಕಾರ, ನೀವು ಹಾವೇರಿಗೇ ಇಳೀತೀರಿ ಅಂದ್ರ ಹುಬ್ಬಳ್ಳಿ ಬರೂದಿಲ್ಲ, ಆದ್ರ ಧಾರವಾಡ ಬೆಳಗಾವಿ ಕಡೆ ಹೋಗೂ ಮಂದಿಗೆ ಹೇಳ್ತೀನಿ. ಗಬ್ಬೂರಿಂದ ನರೇಂದ್ರತನಕ ಬೈಪಾಸು ವರ್ಷಾನುಗಟ್ಟಲೆ ಎರಡೇ ಲೇನಿತ್ತು, ಆ ಕಡೆ ಈ ಕಡೆ ನಾಕ ನಾಕ ಲೇನಿನ್ಯಾಗ ಬಂದ ಗಾಡಿ ಎಲ್ಲಾ ಇದರಾಗ ತುರಕೋತಿದ್ವು, ಎಷ್ಟ ಮನಿ ದೀಪ ಆರಿದ್ವೋ. ಅಗಲ ಮಾಡೂ ಕೆಲಸದ ಡೈವರ್ಷನ್ ಎಲ್ಲೆಲ್ಲಿ ಅದಾವು ಅಲ್ಲೆ ಓವರ್‌ಟೇಕ್ ಮಾಡಾಕ ಹೋಗಬ್ಯಾಡ್ರಿ, ಹತ್ತ ನಿಮಿಷ ತಡಾ ಆದ್ರ ಆಗ್ಲಿ.

ಹೈವೇದಾಗ ಗಾಡಿ ಕೆಟ್ರ, ಆಕ್ಸಿಡೆಂಟ್ ಕಂಡ್ರ 1033ಕ್ಕ ಫೋನ್ ಮಾಡ್ರಿ, ಅದು ನ್ಯಾಷನಲ್ ಹೈವೇ ಸಹಾಯವಾಣಿ. ನಂಬರ್ ಸೇವ್ ಮಾಡಿ ಇಟ್ಕೊಳ್ರಿ, ಆ ಟೈಮಿಗೆ ಹುಡಕಾಕ ಕೈ ನಡಗತಾವು. ಮತ್ತ ವರ್ಷದಾಗ ಭಾಳ ಸಲ ಓಡಾಡೋರು ಫಾಸ್ಟ್ಯಾಗ್ ವಾರ್ಷಿಕ ಪಾಸ್ ನೋಡ್ರಿ, ಆಗಸ್ಟ್ 2025ರಿಂದ ಬಂದೈತಿ, ಶುರುವಾದಾಗ 3000 ರೂಪಾಯಿ ಇತ್ತು, 200 ಸಲ ಟೋಲ್ ದಾಟಬಹುದು ಇಲ್ಲಾ ಒಂದು ವರ್ಷ, ಯಾವ್ದು ಮೊದ್ಲ ಮುಗೀತೈತೋ ಅದು. ಸ್ವಂತ ಕಾರಿಗೆ ಮಾತ್ರ, ನ್ಯಾಷನಲ್ ಹೈವೇ ಟೋಲಿಗೆ ಮಾತ್ರ.

ಧಾರವಾಡದ ಮಾಸ್ತರ

ಎಲ್ಲಾ ಬರೋಬ್ಬರಿ, ಆದರ ಹಬ್ಬದ ರಶ್ಶಿನ್ಯಾಗ ಇಷ್ಟ ದೂರ ಕಾರ್ ಯಾಕ ಅಂತ ನನ್ನ ಪ್ರಶ್ನೆ. ಬೆಂಗಳೂರಿಂದ ಹುಬ್ಬಳ್ಳಿ 400 ಕಿಲೋಮೀಟರಿನ ಮ್ಯಾಲೆ ಆಗತೈತಿ. ಜೂನ್ 2023ರಿಂದ ವಂದೇ ಭಾರತ್ ಐತಿ, ಬೆಂಗಳೂರಾಗ ಬೆಳಿಗ್ಗೆ ಹತ್ತಿದ್ರ ಧಾರವಾಡದಾಗ ಮಧ್ಯಾಹ್ನದ ಊಟ. ಹುಬ್ಬಳ್ಳಿಗೆ ಇಳದ್ರ ಧಾರವಾಡಕ್ಕ ಚಿಗರಿ ಬಸ್ ಐತಿ. ನನ್ನ ಮಗಾ ಸೊಸಿ ಟ್ರೇನಿಗೇ ಬರ್ತಾರ, ನಾನು ಸ್ಟೇಷನ್ನಿಗೆ ಹೋಗಿ ನಿಲ್ತೀನಿ. ಅವರು ಗಾಡಿ ಹೊಡಕೊಂಡು ಬಂದ ವರ್ಷ ನಮ್ಮ ಮನಿಯಾಕಿ ಇಡೀ ದಿನ ಊಟ ಮಾಡ್ಲಿಲ್ಲ, ಫೋನ್ ಕೈಯಾಗ ಹಿಡಕೊಂಡು ಕುಂತಿದ್ಲು. ಮಕ್ಕಳು ಅದನ್ನ ವಿಚಾರ ಮಾಡ್ಬೇಕು.

ಮುಳಗುಂದದ ಮಗಳು

ಸರ್, ನಿಮ್ಮ ಮಾತು ಖರೆ. ನಮ್ಮವ್ವನೂ ಹಂಗ ಮಾಡ್ತಾಳ, ಅದಕ್ಕ ತುಮಕೂರು, ಹಿರಿಯೂರು, ದಾವಣಗೆರೆ ದಾಟಿದ ಕೂಡ್ಲೆ ಹಿಂದ ಕುಂತೋರು ಫೋನ್ ಮಾಡಿ ಹೇಳೂದು ಅಂತ ಠರಾವ್ ಮಾಡ್ಕೊಂಡೀವಿ. ಕಾರ್ ಯಾಕಂದ್ರ ಅಪ್ಪನ ಸಲುವಾಗಿ. ಮಕ್ಕಳ ಹತ್ರ ಇರಾಕ ಅಂತ ಬೆಂಗಳೂರಿಗೆ ಬಂದಿದ್ರು, ಒಳಗ ಕುಂತು ಕುಂತು ಮನುಷ್ಯ ಇಳದು ಹೋಗ್ಯಾರ. ಅವರಿಗೆ ರೋಡ್ ಕಾಣ್ಬೇಕು. ಎಲ್ಲೆ ಯಾವ ಡಾಬಾ ಇತ್ತು, ಎಲ್ಲೆ ಮಣ್ಣಿನ ರಸ್ತೆ ಇತ್ತು ಎಲ್ಲಾ ಹೇಳ್ತಾರ. ಮೊಮ್ಮಕ್ಕಳು ಕೇಳ್ತಾರ.

ಬ್ಯಾಡಗಿ ಸೊಸಿ

ಅಕ್ಕಾ ನಿಮ್ಮ ಅಪ್ಪಾರ ಅಂಗಿಗೆ ಆರತಿ ಮಾಡಿದ್ದು ಓದಿ ಕಣ್ಣಾಗ ನೀರ ಬಂತು.

ನಂದು ಬಸ್ಸಿನ ಋಣನ. ನಮ್ಮ ಅತ್ತಿಯವರ ತವರು ಕುಂದಗೋಳ ಕಡೆ ಹಳ್ಳಿ. ಬಡತನ, ಮ್ಯಾಲೆ ನಮ್ಮ ಮಾವನವರು ಕೈಯಾಗ ರೊಕ್ಕ ಕೊಡೂ ಪೈಕಿ ಅಲ್ಲ, ಪಂಚಮಿಗೆ ಅಣ್ಣ ಕರಿಯಾಕ ಬಂದ್ರ ಹೋಗೂದು ಇಲ್ಲಂದ್ರ ಇಲ್ಲ. ಅಣ್ಣ ತೀರಿಕೊಂಡ ಮ್ಯಾಲೆ ಹೋಗೂದ ನಿಂತಿತ್ತು. 2023ರ ಜೂನಿನ್ಯಾಗ ಹೆಣ್ಣಮಕ್ಕಳಿಗೆ ಸರಕಾರಿ ಬಸ್ ಫ್ರೀ ಮಾಡೂ ಶಕ್ತಿ ಯೋಜನೆ ಶುರು ಆತು ನೋಡ್ರಿ, ಆ ವರ್ಷ ಪಂಚಮಿಗೆ ಅತ್ತಿಯವರು ಆಧಾರ್ ಕಾರ್ಡ್ ಸೆರಗಿನ್ಯಾಗ ಗಂಟ ಹಾಕ್ಕೊಂಡು, ಶೇಂಗಾ ಉಂಡಿ ಎಳ್ಳುಂಡಿ ಡಬ್ಬಿ ಹಿಡಕೊಂಡು, ಯಾರ್ನೂ ಕೇಳ್ದ ಹೋದ್ರು. ತಮ್ಮ ಜೀವನದಾಗ ಮೊದಲನೇ ಸಲ ಒಬ್ಬಾಕಿನ. ಅಲ್ಲೆ ಹೋಗಿ ಅಣ್ಣನ ಹೆಂಡ್ತಿ ಜೋಡಿ ಇಬ್ರೂ ಮುದುಕೇರು ಜೋಕಾಲಿ ಆಡಿ ಬಂದ್ರಂತ. ಬಸ್ ರಶ್ ಇರತೈತಿ, ಸೀಟ್ ಸಿಗೂದಿಲ್ಲ ಅಂತ ಮಂದಿ ಬೈತಾರ, ಬೈಲಿ, ಆದ್ರ ನಮ್ಮ ಅತ್ತಿಯವರು ತವರಿಂದ ಬಂದ ದಿನದ ಮಾರಿ ನೀವು ನೋಡ್ಬೇಕಿತ್ತು.

ರೋಣದ ಅಣ್ಣ

ಗದಗ ಪಟ್ಟಣಕ್ಕ, ರೋಣಕ್ಕ ಬರೋರು ಎರಡು ದಾರಿ ನೆನಪಿಡ್ರಿ. ಹುಬ್ಬಳ್ಳಿ ಮ್ಯಾಲೆ ಬಂದ್ರ ಅಣ್ಣಿಗೇರಿ ಹಾದು ಹೆದ್ದಾರಿ 67, ಸುಮಾರು 60 ಕಿಲೋಮೀಟರ್, ರೋಡ್ ಚೊಲೊ ಐತಿ. ಇಲ್ಲಾ ಚಿತ್ರದುರ್ಗದಾಗ ಬಲಕ್ಕ ಹೊರಳಿ ಹೊಸಪೇಟಿ ಕೊಪ್ಪಳ ಮ್ಯಾಲೆ ಬರಬಹುದು, ಆ ದಾರ್ಯಾಗ ಗದಗಿಗೆ ಹನ್ನೆರಡು ಕಿಲೋಮೀಟರ್ ಮೊದ್ಲ ಲಕ್ಕುಂಡಿ ಹತ್ತತೈತಿ. ಹುಡುಗರನ್ನ ಇಳಿಸಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ತೋರಿಸ್ರಿ, 1007ನೇ ಇಸವಿದು, ಸಾವಿರ ವರ್ಷ ದಾಟೈತಿ, ನಮ್ಮ ಹುಡುಗರು ಮೊಬೈಲ್ ಬಿಟ್ಟು ಒಂದು ತಾಸು ಅಲ್ಲೇ ಓಡ್ಯಾಡಿದ್ರು.

ಈಗ ಋಣದ ಮಾತು. ನಂದು ನನ್ನ ತಮ್ಮಂದು ಮತ್ತ ಅವನ ಹೆಂಡ್ತಿದು. ಇಬ್ಬರೂ ಒಂದ ಕಾಲೇಜಿನ್ಯಾಗ ಓದಿದ್ವಿ, ಅವನ ಮಾರ್ಕ್ಸು ನನಗಿಂತ ಜಾಸ್ತಿ ಇದ್ವು. ಅಪ್ಪಗ ಲಕ್ವಾ ಹೊಡದಾಗ ಯಾರರೆ ಒಬ್ರು ಊರಾಗ ಉಳೀಬೇಕಿತ್ತು, ಅವನು ಉಳದಾ, ನಾನು ಪುಣೆಕ್ಕ ಹೋದೆ. ಇವತ್ತ ನಾವು ಹಬ್ಬಕ್ಕ ಕಾರಿನ್ಯಾಗ ಇಳೀತೀವಲ್ಲಾ, ಮನಿ ಸಾರಿಸಿ ಇಟ್ಟಿರ್ತೈತಿ, ಎಮ್ಮಿ ಹಾಲ ಕೆನಿಗಟ್ಟಿ ಇರ್ತೈತಿ, ಅವ್ವನ ಗುಳಿಗಿ ಬರೋಬ್ಬರಿ ಟೈಮಿಗೆ ಆಗಿರ್ತಾವು, ಅದು ತಾನ ಆಗೂದಿಲ್ಲ. ಊರು ಅಂತ ನಮಗ ಇನ್ನೂ ಉಳದೈತಿ ಅಂದ್ರ ಅಲ್ಲೆ ಉಳದವರಿಂದ.

ನಾವು ಗಂಡ ಹೆಂಡ್ತಿ ಕೂಡಿ ಒಂದು ಪದ್ಧತಿ ಮಾಡೀವಿ. ಪಾಡ್ಯದ ಮರುದಿನ ತಮ್ಮ, ಅವನ ಹೆಂಡ್ತಿ, ಹುಡುಗರು ನಮ್ಮ ಕಾರ್ ತಗೊಂಡು ಎಲ್ಲೆರೆ ಹೋಗಬೇಕು, ಗೋಕರ್ಣ ಆಗ್ಲಿ ಉಳವಿ ಆಗ್ಲಿ ಅವರಿಗೆ ಬಿಟ್ಟಿದ್ದು. ಅವರು ಬರೋತನಕ ಹಿಂಡೂದು, ಮೇವ ಹಾಕೂದು, ಸಗಣಿ ಬಳಿಯೂದು, ಅವ್ವನ ಎಣ್ಣಿ ನೀರ ಎಲ್ಲಾ ನಮ್ಮದು. ಮೊದಲನೇ ವರ್ಷ ನಮ್ಮ ಗೌರಿ ಎಮ್ಮಿ ನನಗ ಹಾಲ ಕೊಡಾಕ ತಯಾರಿದ್ದಿಲ್ಲ, ತಮ್ಮನ ಟಾವೆಲ್ ಹೆಗಲ ಮ್ಯಾಲೆ ಹಾಕ್ಕೊಂಡು ಹೋದ ಮ್ಯಾಲೆ ಸೊರ ಬಿಟ್ಟಿತು. ಪಾಡ್ಯದ ಬೆಳಿಗ್ಗೆ ಸಗಣಿ ಪಾಂಡವರನ್ನ ಮಾಡಿ ಉತ್ರಾಣಿ ಕಡ್ಡಿ, ಚೆಂಡ ಹೂವ ಚುಚ್ಚಿ ಇಡೂ ಕೆಲಸ ನನ್ನ ಮಗಳು ಅವರ ಚಿಗವ್ವನ ಕಡೆಯಿಂದ ಕಲತಾಳ, ಈಗ ಅಪಾರ್ಟ್‌ಮೆಂಟಿನ ಗೆಳತ್ಯಾರಿಗೆ ಫೋಟೋ ತೋರಿಸಿ ಎಲ್ಲಾ ವಿವರಿಸಿ ಹೇಳ್ತಾಳ.

ಊರಾಗ ಉಳದ ಅಣ್ಣ ತಮ್ಮ ಅಕ್ಕ ತಂಗಿ ಇದ್ದೋರು ಸೀರಿ ಶರ್ಟ್ ಕೊಟ್ಟು ಮುಗಸಬ್ಯಾಡ್ರಿ ಅಂತ ಕೈ ಮುಗದ ಕೇಳ್ತೀನಿ. ಅವರಿಗೆ ರಜಾ ಕೊಡ್ರಿ. ಅವರ ಕೆಲಸ ನಿಮ್ಮ ಕೈಲೆ ಮಾಡ್ರಿ.

ಹುಬ್ಳಿ ಕೇಶ್ವಾಪುರ

ಅಣ್ಣಾ, ನಿಮ್ಮ ಪದ್ಧತಿ ನಮ್ಮ ಮನ್ಯಾಗ ಈ ವರ್ಷಾನ ಶುರು ಮಾಡ್ತೀನಿ. ನಮ್ಮ ವೈನಿಗೆ ಈಗ ಫೋನ್ ಮಾಡಿ ಹೇಳ್ದೆ, ಆಕಿ ನಂಬವಲ್ಲಳು.

ಸವಣೂರಿನವ

ನಾವು ದೀಪಾವಳಿಗೆ ಬರೋರಲ್ಲ, ರಮಜಾನಿಗೆ ಕೊಲ್ಹಾಪುರದಿಂದ ಬರ್ತೀವಿ, ಆದ್ರ ರೋಡ್ ಅದ ಅಲ್ರೀ ಅದಕ್ಕ ನಾನೂ ಬರೀತೀನಿ. ಒಂದು ವರ್ಷ ನಿಪ್ಪಾಣಿ ದಾಟಿ ಟೈರ್ ಒಡೀತು, ಮಗ್ರಿಬ್, ಅಂದ್ರ ಸಂಜಿ ನಮಾಜಿನ ಹೊತ್ತು, ಆಗಾಕ ಬಂದಿತ್ತು, ಹಿಂದ ಅಮ್ಮಿ ರೋಜಾ ಇದ್ರು. ಪಂಕ್ಚರ್ ಅಂಗಡಿ ಹುಡುಗ ಹಣಿ ಮ್ಯಾಲೆ ವಿಭೂತಿ ಹಚ್ಚಿದ್ದಾ, ಜಾಕ್ ಏರಿಸಿ ನಡುವನ ಬಿಟ್ಟು ಎದುರಿನ ಅಂಗಡಿಗೆ ಓಡಿ ಹೋಗಿ ಬಾಳೆಹಣ್ಣು, ನೀರಿನ ಬಾಟ್ಲಿ ತಂದು ಅಮ್ಮಿ ಕೈಯಾಗ ಕೊಟ್ಟು ಮೊದ್ಲ ನೀವು ರೋಜಾ ಬಿಡ್ರಿ ಅಜ್ಜಿ, ಟೈರ್ ಎಲ್ಲಿ ಓಡಿ ಹೋಗತೈತಿ ಅಂದಾ. ಅಮ್ಮಿ ಈಗಿಲ್ಲ. ಇರೋತನಕ ದುವಾ ಮಾಡೂವಾಗ ಆ ಹುಡುಗನ ಪಾಲು ಬ್ಯಾರೆ ತಗದು ಇಡ್ತಿದ್ರು. ನಾನು ಆ ಕಡೆ ಹೋದಾಗೆಲ್ಲಾ ಗಾಳಿ ಅಲ್ಲೇ ಹೊಡಸ್ತೀನಿ, ಸುರಕುಂಬಾದ ಸಾಮಾನು ಅಷ್ಟು ಕೊಟ್ಟು ಬರ್ತೀನಿ.

ಮುಳಗುಂದದ ಅಕ್ಕಾ, ಸವಣೂರು ಹಾದ ಹೋಗ್ತೀರಿ ಅಂದ್ರ ಕಲ್ಮಠದಾಗ ದೊಡ್ಡಹುಣಸಿ ಮರ ಮಕ್ಕಳಿಗೆ ತೋರಿಸ್ರಿ, ಬುಡ ಭಾಳ ದಪ್ಪ ಐತಿ. ಹಂಗ ಒಂದಷ್ಟು ಸವಣೂರ ಖಾರಾ ಕಟ್ಟಿಸ್ಕೊಳ್ರಿ.

ಬೆಂಗಳೂರಾಗಿನ ಗದಗ ಹುಡುಗ

ರಾತ್ರಿ 12ಕ್ಕ ಬಿಟ್ರ ರೋಡ್ ಖಾಲಿ ಇರ್ತೈತಿ, ಮುಂಜಾನೆ ಚಹಾಕ್ಕ ಊರಾಗ ಇರ್ತೀವಿ, ನಾವು ಗೆಳ್ಯಾರು ಹಂಗ ಹೋಗೂದು.

ಮುಳಗುಂದದ ಮಗಳು

ತಮ್ಮಾ ಬ್ಯಾಡೋ. ಇದನ್ನ ಅಪ್ಪಗ ಓದಿ ಹೇಳ್ದೆ, ಅವರು ಹೇಳಿದ್ದು ಹಂಗ ಬರೀತೀನಿ: ರಾತ್ರಿ ಎರಡರಿಂದ ಐದರತನಕ ಕಣ್ಣು ತೆರದಿದ್ರೂ ಮನುಷ್ಯ ನಿದ್ದಿ ಮಾಡ್ತಾನ, ಅದಕ್ಕ ಸಾರಿಗೆಯೊಳಗ ರಾತ್ರಿ ಗಾಡಿ ಹೊಡೆಯೋರು ಹಗಲಿ ಮಲಗಿ ಎದ್ದು ಬಂದಿರ್ತಾರ, ನೀವು ಆಫೀಸ್ ಮುಗಿಸಿ ಹಂಗ ಸ್ಟೇರಿಂಗ್ ಹಿಡಿತೀರಿ. ಬೇಕಂದ್ರ ಎಂಟಕ್ಕ ಮಲಗಿ ನಾಕಕ್ಕ ಎದ್ದು ಬಿಡ್ರಿ, ಶಿರಾದಾಗ ಬೆಳಕ ಹರೀತೈತಿ.

ಬೆಂಗಳೂರಾಗಿನ ಗದಗ ಹುಡುಗ

ಆತ್ರೀ ಅಕ್ಕಾ, ಕಾಕಾರ ಮಾತು ಮೀರೂದಿಲ್ಲ. ನಾಕಕ್ಕನ ಬಿಡ್ತೀವಿ.

ಮುಳಗುಂದದ ಮಗಳು

ಹೋಗಿ ಬಂದ್ವಿ. ಎಲ್ಲಾರೂ ಕೇಳಾಕ ಹತ್ತೀರಿ, ಸ್ವಲ್ಪ ಉದ್ದ ಆಗತೈತಿ, ಓದ್ರಿ.

ಪಾಡ್ಯದ ಮಧ್ಯಾಹ್ನ ಆ ಹಳ್ಳಿಗೆ ಹೋದ್ವಿ. ಗುಡಿಗೆ ಹೊಸಾ ಬಣ್ಣ, ಮುಂದ ಕಾಂಕ್ರೀಟ್, ಅಪ್ಪಗ ಗುರ್ತ ಹತ್ತಲಿಲ್ಲ. ಗಾಡಿ ಹಚ್ತಿದ್ದ ಬೇವಿನ ಗಿಡ ನೋಡಿ ಇದ ಅಂದ್ರು. ಬಾಜೂ ಮನಿ ಕಟ್ಟಿ ಮ್ಯಾಲೆ ವಯಸ್ಸಾದವರೊಬ್ರು ಕುಂತಿದ್ರು, ಕಣ್ಣು ಮಂಜು, ನಾವು ಯಾರು ಅಂತ ಕೇಳಿದ್ರು. ಅಪ್ಪ ನಾನು ವಸ್ತಿ ಗಾಡಿ ಡ್ರೈವರ್ ಅಕ್ಕಾರ ಅಂದ್ರು. ವಸ್ತಿ ಗಾಡಿಗೆ ಭಾಳ ಡ್ರೈವರ್ ಬಂದು ಹೋಗ್ಯಾರಲ್ಲಪಾ ಅಂದ್ರು. ಅಪ್ಪಗ ಏನ ಹೇಳ್ಬೇಕು ತಿಳೀಲಿಲ್ಲ, ಸುಮ್ನ ನಿಂತ್ರು. ಆವಾಗ ಅವರ ಕೇಳಿದ್ರು, ಹೊಂಡೂಕಿಂತ ಮೊದ್ಲ ಎರಡ ಸಲ ಹಾರ್ನ್ ಹೊಡೀತಿದ್ದಿ ಅಲ್ಲ, ಅವನ ಏನು ನೀನು?

ಅಪ್ಪ ಹೌದ್ರೀ ಅಂದ್ರು ನೋಡ್ರಿ, ಅವರು ಒಳಗ ತಿರುಗಿ ಮಗಳ ಹೆಸರ ಹಿಡದು ಒದರಿದ್ರು. ಮಗಳೂ ಹಬ್ಬಕ್ಕ ಬಂದಿದ್ರು, ಹತ್ತಿರದ ಊರಿನ ಸರಕಾರಿ ಸಾಲಿ ಟೀಚರ್. ಆಕಿ ಹೊರಗ ಬಂದು ಅಪ್ಪನ ಕಾಲು ಮುಟ್ಟಿದ್ಲು. ಆಕಿ ಗದಗಿನ ಕಾಲೇಜಿಗೆ ಹೋಗತಿದ್ದದ್ದು ಆ ಮೊದಲನೇ ಟ್ರಿಪ್ಪಿಗೇ. ಎಮ್ಮಿ ಕೆಲಸ ಮುಗಿಸಿ ಹೊಂಡೂದ್ರಾಗ ತಡಾ ಆಗ್ತಿತ್ತಂತ, ಒಂದನೇ ಹಾರ್ನಿಗೆ ಜಡಿ ಹಾಕ್ಕೊಳ್ಳೂದು, ಎರಡನೇ ಹಾರ್ನಿಗೆ ಓಡೂದು, ಆಕಿ ಹತ್ತೂತನಕ ಅಪ್ಪ ಗೇರ್ ಹಾಕ್ತಿದ್ದಿಲ್ಲಂತ. ಆ ಗಾಡಿ ತಪ್ಪಿದ್ರ ಅವತ್ತಿನ ಕಾಲೇಜು ಇಲ್ಲ, ನಾಕ ದಿನ ತಪ್ಪಿದ್ರ ಮನ್ಯಾಗ ಸಾಕು ಬಿಡು ಅಂತಿದ್ರು, ಮದುವಿ ಮಾಡ್ತಿದ್ರು ಅಂದ್ಲು. ನಾವು ಥ್ಯಾಂಕ್ಸ್ ಹೇಳಾಕ ಹೋದವರು, ಅವರ ನಮಗ ಹೇಳಿದ್ರು. ಅಕ್ಕಾರು ಅಂದದ್ದು ಇಷ್ಟ, ನನ್ನ ಮಗಳನ್ನ ಸುರಕ್ಷಿತ ಒಯ್ದು ಬಿಡ್ತಿದ್ದಿ, ನಿನಗ ಒಂದು ಹೋಳಿಗಿ ಹೆಚ್ಚಾತೇನಪಾ?

ಏಲಕ್ಕಿ ಹಾರ ಅಪ್ಪನ ಕೈಲೆ ಹಾಕಿಸಿದ್ವಿ. ಸೀರಿ ಬ್ಯಾಡ ಅಂದ್ರು, ಆಮ್ಯಾಲೆ ತಗೊಂಡ್ರು. ಹೊಂಟಾಗ ನನಗ ಉಡಿ ತುಂಬಿದ್ರು, ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಒಂದು ಖಣ. ನನಗ ಇನ್ನೊಂದು ತವರು ಆತು. ಮುಂದಿನ ಪಂಚಮಿಗೆ ಬಾ ಅಂತ ಮಾತ ತಗೊಂಡಾರ.

ರಾಣೆಬೆನ್ನೂರ ಕಡೆಯವ

ತಂಗಿ, ನಮ್ಮ ಚಹಾ ಅಂಗಡಿ ಕಾಕಾಗ ಇದನ್ನ ಪೂರ್ತಿ ಓದಿ ಹೇಳಿದೆ. ಅಂಗಡ್ಯಾಗ ಕುಂತೋರೆಲ್ಲಾ ಕೇಳಿದ್ರು.

ಡಿಪೊ ಕಂಡಕ್ಟರ್

ಇಷ್ಟ ದಿನ ಓದಾಕ ಹತ್ತಿದ್ದೆ, ಇವತ್ತ ಬರೀತೀನಿ. ನಾನೂ ವಾಯವ್ಯ ಸಾರಿಗೆಯೊಳಗ ಕಂಡಕ್ಟರ್, ಈ ಅಮಾವಾಸಿಗೂ ಪಾಡ್ಯಕ್ಕೂ ಡ್ಯೂಟಿ ಮಾಡೀನಿ. ನಮ್ಮ ಮನ್ಯಾಗ ಲಕ್ಷ್ಮೀ ಪೂಜಿ ನಾನು ಬಂದ ಮ್ಯಾಲನ, ರಾತ್ರಿ ಹನ್ನೊಂದಕ್ಕ ಆತು, ಹುಡುಗರು ನಿದ್ದಿಗಣ್ಣಾಗ ಪಟಾಕಿ ಹೊಡದ್ರು. ಬೇಜಾರಿಲ್ಲ. ಆದ್ರ ಅಕ್ಕಾರ, ನಿಮ್ಮ ಅಪ್ಪಾರ ಸುದ್ದಿ ಓದಿ ನಮ್ಮ ಮನಿಯಾಕಿಗೆ ಭಾಳ ಸಮಾಧಾನ ಆತು.

ನಮಗ ಏನರೆ ಮಾಡ್ಬೇಕು ಅಂತಿದ್ರ ದೊಡ್ಡದೇನ ಬ್ಯಾಡ್ರಿ. ಚಿಲ್ರಿ ತರ್ರಿ. ಹಬ್ಬದಾಗ ಎಲ್ಲಾರೂ ಐನೂರರ ನೋಟ್ ಹಿಡದು ನಿಲ್ತಾರ, ಎಂಬತ್ತ ತೊಂಬತ್ತ ಮಂದಿ ಗಾಡ್ಯಾಗ ಇದ್ದಾಗ ಅದ ದೊಡ್ಡ ಜಗಳ. ಹೆಣ್ಣಮಕ್ಕಳು ಕಾರ್ಡ್ ಕೈಯಾಗ ಹಿಡಕೊಂಡಿರ್ರಿ, ಚೀಲದ ತಳದಾಗ ಇಡಬ್ಯಾಡ್ರಿ. ಬಾಗಲಾಗ ನಿಲ್ಲಬ್ಯಾಡ್ರಿ. ಇಳಿಯೂವಾಗ ಡ್ರೈವರಿಗೆ ಬರ್ತೀವ್ರಿ ಅಂದ್ರ ಸಾಕು, ನಾವಿಬ್ರೂ ಮುಂದಿನ ಸ್ಟಾಪ್‌ತನಕ ಅದನ್ನ ಮಾತಾಡ್ತೀವಿ.

ಬ್ಯಾಡಗಿ ಸೊಸಿ

ಅಣ್ಣಾರ, ನಮ್ಮ ಅತ್ತಿಯವರು ಹೇಳಿದ್ರು, ಯಾವ ರೂಟ್ ಅಂತ ಹೇಳಿದ್ರ ಚಕ್ಕಲಿ ಕರ್ಚಿಕಾಯಿ ಕೊಟ್ಟು ಕಳಸ್ತೀವಿ.

ಬೆಂಗಳೂರಾಗಿನ ಗದಗ ಹುಡುಗ

ವಾಪಸ್ ಹೋಗೋರು ಯಾವಾಗ ಬಿಡ್ತೀರಿ? ಭಾನುವಾರ ಸಂಜಿ ತುಮಕೂರಿಂದ ನೆಲಮಂಗಲ ಜಾಮ್ ಆಗೂದು ಗ್ಯಾರಂಟಿ.

ಮುಳಗುಂದದ ಮಗಳು

ನಾವು ಸೋಮವಾರ ರಜಾ ಹಾಕೀವಿ, ಮುಂಜಾನೆ ಹೊಂಡ್ತೀವಿ. ನೀನು ಒಬ್ಬಾವ ಇದ್ರ ಹೇಳು, ಹಿಂದ ಒಂದು ಸೀಟ್ ಐತಿ, ರೊಟ್ಟಿ ಶೇಂಗಾ ಚಟ್ನಿ ಬುತ್ತಿ ಅವ್ವ ಎಲ್ಲಾರಿಗೂ ಸಾಕಾಗೂವಷ್ಟು ಕಟ್ಟಿರ್ತಾಳ.